ಬಂದಿಯ ಪಕ್ಷದ ವಕೀಲನು

ಕ್ರಿಸ್ತಶಕ ೧೬೮೩ನೆಯ ಇಸವಿ ಜುಲೈ ತಿಂಗಳ ೧೩ನೆಯ ದಿನ ಲಂಡನ್ ನಗರದ ಓಲ್ಡ್ ಬೈಲಿ ನ್ಯಾಯಸ್ಥಾನದಲ್ಲಿ ಲಾರ್ಡ್ ರಸೆಲ್ಲನು ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಕಟಕಟೆಯಲ್ಲಿ ನಿಂತನು. ಈತನು ಬೆಡ್‌ಫರ್ಡ್ ಅರ್ಲನ ಮಗನು, ಪಾರ್ಲಿಮೆಂಟಿನಲ್ಲಿ ಹೆಸರಾದವನು. ದೊರೆಯಾದ ಎರಡನೆಯ ಚಾರ್ಲ್ಸನನ್ನೂ ಅವನ ತಮ್ಮನನ್ನೂ ಕೊಲ್ಲಲು ನಡೆದ ಒಳಸಂಚಿನಲ್ಲಿ ಇವನೂ ಸೇರಿದ್ದನೆಂಬುದು ಆಪಾದನೆ. ದೊರೆಯ ಪರವಾಗಿ ವಾದಿಸಲು ಪ್ರಸಿದ್ಧರಾದ ನ್ಯಾಯವಾದಿಗಳ ಗುಂಪೇ ನೆರೆದಿತ್ತು. ಮುಂದೆ ಕ್ರೌರ್ಯಕ್ಕೆ ಹೆಸರಾಂತ ಜೆಫ್ರೀಸನೂ ಅವರಲ್ಲೊಬ್ಬನು. ರಸೆಲ್ಲನ ಪಕ್ಷದಲ್ಲಿ ಸಾಕ್ಷಿಗಳನ್ನು ಪ್ರಶ್ನಿಸುವುದಕ್ಕಾಗಲಿ, ಪಂಚರಾದ ಜೂರಿಯವರಿಗೆ ಸಂಗತಿಗಳನ್ನು ತಿಳಿಯಹೇಳುವುದಕ್ಕಾಗಲಿ ಒಬ್ಬ ವಕೀಲನೂ ಇರಲಿಲ್ಲ. ನಡೆದುದನ್ನು ಬರೆದುಕೊಳ್ಳಲು ಯಾರಾದರೂ ಒಬ್ಬರಿಗೆ ಅಪ್ಪಣೆಯಾಗಬೇಕೆಂದು ಆತನು ಬೇಡಿದನು. ಅಪ್ಪಣೆಯಾಯಿತು. ಬರೆದುಕೊಳ್ಳಲು ಕುಳಿತವಳು ಆತನ ಹೆಂಡತಿ ರೇಚಲಳು. ಗಂಡನ ತಲೆಯ ಮೇಲೆ ತೂಗುತ್ತಿದ್ದ ಮಾತುಗಳನ್ನು ಒಂದೊಂದಾಗಿ ಕಾಗದಕ್ಕಿಳಿಸುತ್ತ ಕುಳಿತಿದ್ದ ಆ ಸಾಧ್ವಿಯ ಚಿತ್ರವನ್ನು ಆಂಗ್ಲ ಜನರು ಇಂದಿಗೂ ಮರೆತಿಲ್ಲ. ಎಂಟು ದಿನಗಳೊಳಗೆ, ಜುಲೈ ೨೧ರಂದು, ರಸೆಲ್ಲನ ಶಿರಚ್ಛೇದನವಾಯಿತು. ಆರು ವರ್ಷಗಳ ತರುವಾಯ, ೧೬೮೯ರಲ್ಲಿ, ಪಾರ್ಲಿಮೆಂಟು ಆ ತೀರ್ಪನ್ನು ರದ್ದುಮಾಡಿತು. ಹೋದ ತಲೆಯೇನೋ ಮರಳಲಿಲ್ಲ.

ಒಂದು ವಿಷಯವನ್ನು ಇಲ್ಲಿ ವಿವರಿಸಬೇಕು. ವಕೀಲರನ್ನು ರಸೆಲ್ಲನಿಗೆ ಪೂರ್ತಿಯಾಗಿ ನಿರಾಕರಿಸಿದರೆಂದಲ್ಲ. ಜೂರಿಯಲ್ಲಿ ಕೂರುವವರಿಗೆ ಸ್ವಂತ ಭೂಮಿಯಿರಬೇಕೇ ಬೇಡವೇ ಎಂಬ ಕಾನೂನಿನ ಪ್ರಶ್ನೆಯೊಂದನ್ನು ಆತನು ಎತ್ತಿದಾಗ, ಅದೊಂದನ್ನೇ ವಾದಿಸುವುದಕ್ಕಾಗಿ ಮೂವರು ನ್ಯಾಯವಾದಿಗಳನ್ನು ಗೊತ್ತುಮಾಡಿದರು. ಅವರು ವಾದಿಸಿದರು, ಸೋತರು, ಸುಮ್ಮನಾದರು. ಆ ಮೂವರಲ್ಲಿ ಜಾನ್ ಹೋಲ್ಟ್ ಎಂಬವನೊಬ್ಬನಿದ್ದನು. ಇವನ ಹೆಸರು ಮುಂದೆ ಮತ್ತೊಮ್ಮೆ ಬರುವುದು.

ಆ ಕಾಲದ ಆಂಗ್ಲ ನ್ಯಾಯದ ಪದ್ಧತಿ ಹೀಗಿದ್ದಿತು: ರಾಜದ್ರೋಹ, ಕೊಲೆ, ದರೋಡೆ, ಕಳವು ಮೊದಲಾದ ಘೋರಾಪರಾಧಗಳಲ್ಲಿ, ಎಂದರೆ ತಲೆಯೇ ಹೋಗುವಂತಹ ಮೊಕದ್ದಮೆಗಳಲ್ಲಿ, ನಡೆದ ಸಂಗತಿಯ ವಿಷಯವಾಗಿ ಬಂದಿಯು ತನ್ನ ಬಾಯಿಂದಲೇ ಉತ್ತರ ಹೇಳಬೇಕು, ವಕೀಲನು ಕಾನೂನಿನ ಸಂಶಯವೊಂದು ಹುಟ್ಟಿದಲ್ಲಿ ಮಾತ್ರ ಎದ್ದು ನಿಲ್ಲಬಹುದು. ಆದರೆ ಹಣದ ವ್ಯಾಜ್ಯಗಳಲ್ಲಿಯೂ, ಜುಲ್ಮಾನೆಯಿಂದ ತೀರುವ ಸಣ್ಣ ತಪ್ಪುಗಳಲ್ಲಿಯೂ ವಕೀಲನನ್ನಿಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ನೆರೆಯವನ ಬೇಲಿಯನ್ನು ದಾಟಿದವನಿಗೆ ವಕೀಲನುಂಟು, ಕುರಿಯನ್ನು ಕದ್ದು ಗಲ್ಲಿಗೆ ಹೋಗುವವನಿಗೆ ಇಲ್ಲ! ಹದಿನೆಂಟನೆಯ ಶತಮಾನದ ಮಹಾ ಧರ್ಮಶಾಸ್ತ್ರಜ್ಞನಾದ ಬ್ಲ್ಯಾಕ್‌ಸ್ಟನ್ನನೇ ಈ ವೈಪರೀತ್ಯವನ್ನು ಕಂಡು, ಇದು ಉಳಿದ ಆಂಗ್ಲ ಧರ್ಮದ ದಯೆಗೆ ಒಪ್ಪತಕ್ಕುದಲ್ಲವೆಂದು ೧೭೬೯ರಲ್ಲಿ ಬರೆದನು. ಇದೇ ದ್ವೀಪದ ಉತ್ತರಾರ್ಧವಾದ ಸ್ಕಾಟ್ಲೆಂಡಿನಲ್ಲಾದರೋ ೧೫೮೭ರಿಂದಲೇ ಬಂದಿಗಳಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದ್ದಿತು.

ಇದಕ್ಕೆ ಸಮರ್ಥನೆಯೂ ಇಲ್ಲದಿರಲಿಲ್ಲ. ಬಂದಿಯ ಪಕ್ಷಕ್ಕೆ ನ್ಯಾಯಾಧೀಶನೇ ವಕೀಲನೆಂಬುದು ಒಂದು. ಹಗಲಿನಷ್ಟು ಸ್ಪಷ್ಟವಾದ ಸಾಕ್ಷ್ಯವಿಲ್ಲದೆ ಯಾರನ್ನೂ ದಂಡಿಸುವಂತಿಲ್ಲವಾದುದರಿಂದ ವಾದಕ್ಕೆ ಎಡೆಯೇ ಇಲ್ಲವೆಂಬುದು ಮತ್ತೊಂದು. ಹಾಕಿನ್ಸ್ ಎಂಬ ಗ್ರಂಥಕರ್ತನು ೧೭೨೧ರಲ್ಲಿ ಇನ್ನೊಂದನ್ನು ಸೇರಿಸಿದನು: ನಿರಪರಾಧಿಯು ಸತ್ಯವನ್ನು ಹೇಳುವುದಕ್ಕೆ ಪಾಂಡಿತ್ಯ ಬೇಕಿಲ್ಲ, ಅವನ ಸರಳವಾದ ಮಾತೂ ಮುಖಭಾವವೂ ವಕೀಲನ ಚಾತುರ್ಯಕ್ಕಿಂತ ಹೆಚ್ಚು ಪರಿಣಾಮಕಾರಿಯಾದುವು, ಅಪರಾಧಿಯಾದರೆ ಅವನ ತೊದಲುಮಾತಿನಿಂದಲೇ ನಿಜವು ಹೊರಬೀಳುವುದು. ಕೇಳುವುದಕ್ಕೆ ಸೊಗಸಾದ ವಾದ. ಆದರೆ ತಿಂಗಳುಗಟ್ಟಲೆ ಸೆರೆಮನೆಯ ಕತ್ತಲೆಯಲ್ಲಿ ಬಿದ್ದಿದ್ದು, ತನ್ನ ಮೇಲಿನ ಆರೋಪಪತ್ರದ ಪ್ರತಿಯನ್ನೇ ಕಾಣದೆ, ಯಾರು ಸಾಕ್ಷಿ ಹೇಳುವರೆಂಬುದನ್ನೂ ಅರಿಯದೆ, ಒಮ್ಮೆಗೇ ಸಭೆಯ ನಡುವೆ ತಂದು ನಿಲ್ಲಿಸಲ್ಪಟ್ಟವನು ತೊದಲದೆ ಮತ್ತೇನು ಮಾಡಿಯಾನು? ೧೬೮೫ರಲ್ಲಿ ವಿಂಚೆಸ್ಟರಿನಲ್ಲಿ ಆಲಿಸ್ ಲೈಲ್ ಎಂಬ ವೃದ್ಧೆಯು, ದಂಗೆಕೋರನಿಗೆ ಮನೆಯಲ್ಲಿ ಆಶ್ರಯವಿತ್ತಳೆಂಬ ಆರೋಪದ ಮೇಲೆ ಜೆಫ್ರೀಸನ ಎದುರಿಗೆ ನಿಂತಾಗ, ಕಿವಿಮಂದವಾಗಿ ನಡೆಯುತ್ತಿದ್ದುದೇ ಆಕೆಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬಂದಿಗೆ ವಕೀಲನಾಗಬೇಕಾಗಿದ್ದ ಆ ನ್ಯಾಯಾಧೀಶನು ಸಾಕ್ಷಿಯನ್ನು ಬೆದರಿಸಿ, ಜೂರಿಯನ್ನು ಗದರಿಸಿ, ಆಕೆಯನ್ನು ಮರಣಕ್ಕೆ ಕಳುಹಿದನು.

ಇಂತಹ ಪ್ರಕರಣಗಳನ್ನು ಕಣ್ಣಾರೆ ಕಂಡ ಪಾರ್ಲಿಮೆಂಟಿನ ಮಂದಿ, ೧೬೮೮ರ ಕ್ರಾಂತಿಯಾದ ಮೇಲೆ, ರಾಜದ್ರೋಹದ ವಿಚಾರಣೆಗಳನ್ನು ತಿದ್ದಲು ಹವಣಿಸಿದರು. ಆ ಮಸೂದೆಯ ಚರ್ಚೆಯಲ್ಲಿ ತರುಣ ಸದಸ್ಯನೊಬ್ಬನು ಮಾತನಾಡಲೆದ್ದು, ಗಾಬರಿಯಿಂದ ಮಾತು ಮರೆತು ನಿಂತು, ಬಳಿಕ ಚೇತರಿಸಿಕೊಂಡು, ಬರಿಯ ಅಭಿಪ್ರಾಯ ಹೇಳಬಂದ ತನಗೇ ಹೀಗಾದರೆ ಪ್ರಾಣಕ್ಕಾಗಿ ವಾದಿಸುವವನ ಗತಿಯೇನೆಂದು ಕೇಳಿದನೆಂದು ಐತಿಹ್ಯವುಂಟು. ಕೆಲವರು ಅವನನ್ನು ಲಾರ್ಡ್ ಆಶ್ಲಿಯೆಂದೂ, ಕೆಲವರು ಮಾಂಟೆಗ್ಯೂ ಎಂದೂ ಹೇಳುವರು. ಕೊನೆಗೆ ೧೬೯೬ರಲ್ಲಿ ಕಾಯಿದೆಯಾಯಿತು. ರಾಜದ್ರೋಹದ ಆರೋಪಿಗೆ ಆರೋಪಪತ್ರದ ಪ್ರತಿಯನ್ನು ಐದು ದಿನ ಮುಂಚಿತವಾಗಿ ಕೊಡಬೇಕು. ಅವನು ಕೇಳಿಕೊಂಡಲ್ಲಿ ಇಬ್ಬರವರೆಗೆ ವಕೀಲರನ್ನು ಗೊತ್ತುಮಾಡಬೇಕು. ಅವನ ಸಾಕ್ಷಿಗಳೂ ಪ್ರಮಾಣ ಮಾಡಿ ನುಡಿಯಬಹುದು. ಈ ಕಾಯಿದೆಯು ಆ ವರ್ಷದ ಮಾರ್ಚಿ ೨೫ರಿಂದ ಜಾರಿಗೆ ಬರತಕ್ಕದ್ದೆಂದು ಗೊತ್ತಾಯಿತು.

ಮಾರ್ಚಿ ೨೪ರಂದು ಸರ್ ವಿಲಿಯಂ ಪಾರ್ಕಿನ್ಸನು ವಿಚಾರಣೆಗೆ ಬಂದನು. ಮೂರನೆಯ ವಿಲಿಯಂ ದೊರೆಯನ್ನು ಕೊಲ್ಲುವ ಸಂಚಿನಲ್ಲಿ ಸೇರಿದ್ದನೆಂದು ಇವನ ಮೇಲೆ ದೂರು. ಈತನು ತಾನೂ ಕಾನೂನು ಓದಿದವನು. ವಕೀಲರನ್ನಿಡುವುದು ನ್ಯಾಯವೆಂದು ಪಾರ್ಲಿಮೆಂಟೇ ಒಪ್ಪಿದ ಮೇಲೆ ತನಗೆ ಆ ಸಹಾಯವನ್ನು ಕೊಡಬೇಕೆಂದು ಬೇಡಿದನು. ನಾಳೆ ಬರುವ ಕಾನೂನಿನಂತೆ ಇಂದು ನಡೆಯಲಾಗದು, ಇರುವ ಕಾನೂನಿನಂತೆಯೇ ವಿಚಾರಣೆ ನಡೆಯತಕ್ಕುದೆಂದು ಮುಖ್ಯ ನ್ಯಾಯಾಧೀಶನು ಉತ್ತರವಿತ್ತನು. ಆ ಮುಖ್ಯ ನ್ಯಾಯಾಧೀಶನು, ಹದಿಮೂರು ವರ್ಷಗಳ ಹಿಂದೆ ರಸೆಲ್ಲನ ಪರವಾಗಿ ಒಂದೇ ಒಂದು ಪ್ರಶ್ನೆಯನ್ನು ವಾದಿಸಲು ಅಪ್ಪಣೆ ಪಡೆದಿದ್ದ ಜಾನ್ ಹೋಲ್ಟನೇ. ಹೋಲ್ಟನು ಕ್ರೂರಿಯಲ್ಲ, ಆತನಷ್ಟು ಸಮಚಿತ್ತನಾದ ನ್ಯಾಯಾಧೀಶನು ಆ ಕಾಲದಲ್ಲಿ ಮತ್ತೊಬ್ಬನಿರಲಿಲ್ಲ. ಅಕ್ಷರವನ್ನು ಹಿಡಿದು ನೋಡಿದರೆ ಆತನು ಹೇಳಿದುದು ಸರಿಯೇ. ವಿಚಾರಣೆಯನ್ನು ಒಂದು ದಿನ ಮುಂದೂಡಿದ್ದರೆ ಯಾವ ಆಕಾಶವೂ ಬೀಳುತ್ತಿರಲಿಲ್ಲವೆಂಬುದೂ ಅಷ್ಟೇ ಸರಿ. ಏಪ್ರಿಲ್ ೩ರಂದು ಪಾರ್ಕಿನ್ಸನನ್ನು ಟೈಬರ್ನಿನಲ್ಲಿ ಗಲ್ಲಿಗೇರಿಸಿದರು.

ರಾಜದ್ರೋಹದ ಮಾತು ಹೀಗಾಯಿತು. ಶ್ರೀಮಂತರ ತಲೆಗಳಿಗೆ ಸಂಬಂಧಿಸಿದ ಅಪರಾಧವಾದುದರಿಂದಲೇ ಅದು ಮೊದಲು ಸರಿಹೋಯಿತೆಂದರೆ ತಪ್ಪಾಗದು. ಕಳ್ಳರಿಗೂ ಕೊಲೆಗಾರರಿಗೂ ಇನ್ನೂ ನೂರನಾಲ್ವತ್ತು ವರ್ಷ ಕಾಯಬೇಕಾಯಿತು. ನಡುವೆ ಒಂದು ಸಣ್ಣ ಬಾಗಿಲು ತಾನಾಗಿ ತೆರೆಯಿತು. ದಾರಿಗಳ್ಳರನ್ನು ಹಿಡಿದುಕೊಟ್ಟವರಿಗೆ ಸರಕಾರವು ತಲೆಗೆ ೪೦ ಪೌಂಡುಗಳ ಬಹುಮಾನವನ್ನು ಸಾರಿತ್ತು. ಬಹುಮಾನದ ಆಸೆಯಿಂದ ಸುಳ್ಳುಸಾಕ್ಷಿ ಹೇಳಿ ಅಮಾಯಕರನ್ನು ಗಲ್ಲಿಗೆ ಕಳುಹುವುದನ್ನೇ ಕೆಲವರು ಕಸುಬು ಮಾಡಿಕೊಂಡರು; ೧೭೫೪ರಲ್ಲಿ ಮ್ಯಾಕ್‌ಡೇನಿಯಲ್ ಎಂಬವನ ತಂಡದ ಕೃತ್ಯಗಳು ಹೊರಬಿದ್ದಾಗ ಜನರು ನಡುಗಿದರು. ಹೀಗಿರಲು ೧೭೩೦ರ ಸುಮಾರಿನಿಂದಲೇ ನ್ಯಾಯಾಧೀಶರು, ಯಾವ ಕಾಯಿದೆಯ ಆಧಾರವೂ ಇಲ್ಲದೆ, ಬಂದಿಯ ವಕೀಲನು ಸಾಕ್ಷಿಗಳನ್ನು ಪ್ರಶ್ನಿಸಬಹುದೆಂದು ಬಿಡತೊಡಗಿದರು. ಆದರೆ ಜೂರಿಯನ್ನುದ್ದೇಶಿಸಿ ಮಾತನಾಡಕೂಡದು. ನಾಲಗೆ ಕಟ್ಟಿದ ಈ ಸ್ಥಿತಿಯಲ್ಲಿಯೇ ವಿಲಿಯಂ ಗ್ಯಾರೋ ಎಂಬವನು ೧೭೮೩ರಿಂದ ಹತ್ತು ವರ್ಷಗಳ ಕಾಲ ಓಲ್ಡ್ ಬೈಲಿಯಲ್ಲಿ ಪ್ರಶ್ನೆಗಳ ಮೂಲಕವೇ ಭಾಷಣದ ಕೆಲಸವನ್ನು ಮಾಡಿಸಿದನು. ಸುಳ್ಳುಸಾಕ್ಷಿಗೆ ಅವನು ಕೇಳುತ್ತಿದ್ದ ಪ್ರಶ್ನೆಯಲ್ಲಿಯೇ ಜೂರಿಯು ಕೇಳಬೇಕಾದ ಉತ್ತರವಿರುತ್ತಿತ್ತು.

ಇದೇ ಕಾಲದಲ್ಲಿ ಥಾಮಸ್ ಅರ್ಸ್ಕಿನ್ ಎಂಬ ನ್ಯಾಯವಾದಿಯು ಮತ್ತೊಂದು ಪ್ರಶ್ನೆಯನ್ನು ಬಗೆಹರಿಸಿದನು: ಜನರೆಲ್ಲರೂ ದ್ವೇಷಿಸುವವನ ವಕಾಲತ್ತನ್ನು ವಹಿಸಬಹುದೇ? ೧೭೯೨ರ ಡಿಸೆಂಬರಿನಲ್ಲಿ ಥಾಮಸ್ ಪೇನನ ಮೇಲೆ, ಮನುಷ್ಯನ ಹಕ್ಕುಗಳನ್ನು ಕುರಿತ ಗ್ರಂಥಕ್ಕಾಗಿ, ಮೊಕದ್ದಮೆ ನಡೆಯಿತು. ಪೇನನು ಫ್ರಾನ್ಸಿಗೆ ಹೋಗಿಬಿಟ್ಟಿದ್ದನು. ಅರ್ಸ್ಕಿನನು ಆಗ ಯುವರಾಜನ ನ್ಯಾಯವಾದಿಯಾಗಿದ್ದನು. ಈ ವಕಾಲತ್ತನ್ನು ಬಿಡಬೇಕೆಂದು ಅವನಿಗೆ ಎಲ್ಲ ಕಡೆಗಳಿಂದಲೂ ಒತ್ತಾಯ ಬಂದಿತು. ಬಿಡಲಿಲ್ಲ. ವಕೀಲನು ತನಗೆ ಬೇಕಾದವರ ಪಕ್ಷವನ್ನು ಮಾತ್ರ ಹಿಡಿಯುವೆನೆಂದು ಹೊರಟರೆ, ವಿಚಾರಣೆಗೆ ಮೊದಲೇ ತಾನು ನ್ಯಾಯಾಧೀಶನ ಪಟ್ಟವನ್ನು ಏರಿದಂತಾಗುವುದೆಂಬುದು ಅವನ ವಾದ. ಮೊಕದ್ದಮೆಯನ್ನು ಸೋತನು; ಯುವರಾಜನ ಉದ್ಯೋಗವನ್ನೂ ಕಳೆದುಕೊಂಡನು. ಎರಡು ವರ್ಷಗಳ ಮೇಲೆ ಥಾಮಸ್ ಹಾರ್ಡಿ ಎಂಬ ಚಮ್ಮಾರನನ್ನು ರಾಜದ್ರೋಹದ ಆರೋಪದಿಂದ ಬಿಡಿಸಿದಾಗ ಲಂಡನ್ನಿನ ಜನರು ಅರ್ಸ್ಕಿನನ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರು.

ಕಡೆಗೆ ೧೮೩೬ರಲ್ಲಿ, ಹದಿನೈದು ವರ್ಷಗಳ ಹೋರಾಟದ ತರುವಾಯ, ಎಲ್ಲ ಬಂದಿಗಳ ವಕೀಲರಿಗೂ ಪೂರ್ಣವಾಗಿ ವಾದಿಸುವ ಹಕ್ಕು ಬಂದಿತು. ಹದಿನೈದು ನ್ಯಾಯಾಧೀಶರಲ್ಲಿ ಹನ್ನೆರಡು ಮಂದಿ ಇದನ್ನು ವಿರೋಧಿಸಿದರೆಂದೂ, ಮಸೂದೆಯು ಕಾಯಿದೆಯಾದರೆ ರಾಜೀನಾಮೆ ಕೊಡುವೆನೆಂದು ಅವರಲ್ಲೊಬ್ಬನಾದ ಪಾರ್ಕನು ಬೆದರಿಸಿದನೆಂದೂ ಲಾರ್ಡ್ ಕ್ಯಾಂಪ್‌ಬೆಲ್ಲನು ಬರೆದಿದ್ದಾನೆ. ಪಾರ್ಕನು ರಾಜೀನಾಮೆಯನ್ನೇನೂ ಕೊಡಲಿಲ್ಲ.

ಹೊಸ ಕಾಯಿದೆಗೆ ಪರೀಕ್ಷೆಯು ಬಹುಬೇಗ ಒದಗಿತು. ೧೮೪೦ರ ಮೇ ತಿಂಗಳಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ ಮಲಗಿದ್ದ ವೃದ್ಧ ಶ್ರೀಮಂತನೊಬ್ಬನು ಕತ್ತು ಕೊಯ್ಯಲ್ಪಟ್ಟು ಸತ್ತು ಬಿದ್ದಿದ್ದನು. ಅವನ ಸ್ವಿಸ್ ಸೇವಕನಾದ ಕೂರ್ವಾಸಿಯೆಯನ್ನು ಹಿಡಿದರು. ಚಾರ್ಲ್ಸ್ ಫಿಲಿಪ್ಸ್ ಎಂಬ ಐರಿಷ್ ನ್ಯಾಯವಾದಿಯು ಅವನ ಪಕ್ಷವನ್ನು ವಹಿಸಿದನು. ವಿಚಾರಣೆಯ ನಡುವೆ ಕಳವಾದ ಬೆಳ್ಳಿಯ ಪಾತ್ರೆಗಳು ಹೋಟೆಲೊಂದರಲ್ಲಿ ಪತ್ತೆಯಾದುವು. ಆಗ ಸೇವಕನು ಫಿಲಿಪ್ಸನನ್ನು ಬಳಿಗೆ ಕರೆದು, ಕೊಂದವನು ತಾನೇ ಎಂದು ಒಪ್ಪಿಕೊಂಡು, ಆದರೂ ತನ್ನ ಪರವಾಗಿ ವಾದಿಸಬೇಕೆಂದನು. ಫಿಲಿಪ್ಸನಿಗೆ ದಿಕ್ಕು ತೋರದಾಯಿತು. ಪೀಠದ ಮೇಲಿದ್ದ ಬ್ಯಾರನ್ ಪಾರ್ಕನನ್ನು ಗುಟ್ಟಾಗಿ ಕೇಳಿದನು. ಬಂದಿಯು ಬಯಸುವವರೆಗೂ ಕೈಬಿಡಕೂಡದು, ಸಾಕ್ಷ್ಯದಿಂದ ಹೊರಡುವ ನ್ಯಾಯವಾದ ವಾದಗಳನ್ನೆಲ್ಲ ಮುಂದಿಡಬೇಕು ಎಂದು ಉತ್ತರ ಬಂದಿತು. ಫಿಲಿಪ್ಸನು ವಾದಿಸಿದನು, ಜೂರಿಯು ನಂಬಲಿಲ್ಲ, ಜುಲೈ ೬ರಂದು ಸೇವಕನಿಗೆ ಗಲ್ಲಾಯಿತು. ಆದರೆ ತಪ್ಪೊಪ್ಪಿಗೆಯ ಸಂಗತಿ ಬಯಲಾದ ಮೇಲೆ ಪತ್ರಿಕೆಗಳು ಫಿಲಿಪ್ಸನನ್ನು ವರ್ಷಗಟ್ಟಲೆ ಬಿಡಲಿಲ್ಲ. ಒಂಬತ್ತು ವರ್ಷಗಳ ಮೇಲೂ ಅವನು ತನ್ನ ನಡತೆಗೆ ಸಮಾಧಾನ ಹೇಳಬೇಕಾಯಿತು. ಅವನ ಮೇಲಿನ ದೂರುಗಳಲ್ಲಿ ಒಂದು ಮಾತ್ರ ತೂಕವುಳ್ಳದ್ದು: ನಿಜವನ್ನು ತಿಳಿದೂ ಇತರ ಸೇವಕಿಯರ ಮೇಲೆ ಸಂಶಯ ಬರುವಂತೆ ಮಾತನಾಡಿದನೆಂಬುದು. ಕೈಬಿಡಬೇಕಾಗಿತ್ತೆಂಬ ದೂರಿಗಾದರೋ ಬೆಲೆಯಿಲ್ಲ.

ಸತ್ತ ಆ ವೃದ್ಧನ ಹೆಸರೂ ಲಾರ್ಡ್ ವಿಲಿಯಂ ರಸೆಲ್. ಹೆಂಡತಿಯೊಬ್ಬಳನ್ನು ಬಿಟ್ಟರೆ ಬೇರೆ ಸಹಾಯವಿಲ್ಲದೆ ೧೬೮೩ರಲ್ಲಿ ಕಟಕಟೆಯಲ್ಲಿ ನಿಂತವನ ಮರಿಮಗನ ಮಗನೀತನು. ಆ ವಂಶದ ಹಿರಿಯನಿಗೆ ದೊರೆಯದಿದ್ದುದು ಆ ವಂಶದವನನ್ನು ಕೊಂದ ಸೇವಕನಿಗೆ ದೊರೆಯಿತು.

ಹಕ್ಕು ಬಂದರೂ ಹಣವಿಲ್ಲದವನಿಗೆ ಅದರಿಂದ ಪ್ರಯೋಜನವೇನು? ಕಟಕಟೆಯಲ್ಲಿದ್ದ ಬಂದಿಯು ೧ ಪೌಂಡು ೩ ಷಿಲ್ಲಿಂಗು ೬ ಪೆನ್ಸುಗಳನ್ನು ತೋರಿಸಿದರೆ, ನ್ಯಾಯಸ್ಥಾನದಲ್ಲಿ ನಿಲುವಂಗಿ ತೊಟ್ಟು ಕುಳಿತ ಯಾವ ಬ್ಯಾರಿಸ್ಟರನನ್ನಾದರೂ ಬೆರಳು ಮಾಡಿ ಆರಿಸಿಕೊಳ್ಳಬಹುದೆಂಬ ರೂಢಿಯೊಂದಿದ್ದಿತು. ಒಂದು ಗಿನಿ ಬ್ಯಾರಿಸ್ಟರನಿಗೆ, ಉಳಿದ ಅರ್ಧ ಕ್ರೌನು ಅವನ ಗುಮಾಸ್ತನಿಗೆ. ಅಷ್ಟೂ ಇಲ್ಲದವರಿಗೆ ಸರಕಾರದ ವೆಚ್ಚದಿಂದ ವಕೀಲನನ್ನು ಕೊಡುವ ಮೊದಲ ಕಾಯಿದೆಯು ೧೯೦೩ರಲ್ಲಿ ಬಂದಿತು.

ಭಾರತದಲ್ಲಿ ಈ ಕಥೆ ಬೇರೆ ಕಡೆಯಿಂದ ಆರಂಭವಾಗುವುದು. ಇಂಗ್ಲೆಂಡಿನಲ್ಲಿ ಹೋರಾಡಿ ಪಡೆದುದು ಇಲ್ಲಿಗೆ ಸಿದ್ಧವಾಗಿಯೇ ಬಂದಿತು: ೧೮೯೮ರ ದಂಡಪ್ರಕ್ರಿಯಾ ಸಂಹಿತೆಯ ೩೪೦ನೆಯ ಕಲಮು, ಆರೋಪಿಯು ವಕೀಲನ ಮೂಲಕ ಪ್ರತಿವಾದ ಮಾಡುವುದು ಹಕ್ಕೆಂದು ಸಾರಿತು. ಹಣದ ಕಷ್ಟವು ಇಲ್ಲಿಯೂ ತಪ್ಪಲಿಲ್ಲ. ೧೯೦೮ರಲ್ಲಿ ಅರವಿಂದ ಘೋಷರನ್ನು ಅಲಿಪುರದ ಮೊಕದ್ದಮೆಯಲ್ಲಿ ಸೆರೆಹಿಡಿದಾಗ ಅವರ ತಂಗಿ ಸರೋಜಿನಿಯು ಜನರಲ್ಲಿ ಹಣಸಹಾಯ ಬೇಡಿದಳು. ಸರಕಾರದ ಪಕ್ಷಕ್ಕೆ ಮದರಾಸಿನ ಪ್ರಸಿದ್ಧ ಬ್ಯಾರಿಸ್ಟರ್ ನಾರ್ಟನ್ನನನ್ನು ಕರೆತಂದಿದ್ದರು. ಕೂಡಿದ ಹಣ ಸಾಲದಾದಾಗ ಚಿತ್ತರಂಜನ ದಾಸರು ಸ್ವಂತ ನಷ್ಟವನ್ನು ಲೆಕ್ಕಿಸದೆ ವಕಾಲತ್ತನ್ನು ವಹಿಸಿ, ೧೯೦೯ರ ಮೇ ೬ರಂದು ಅವರನ್ನು ಬಿಡಿಸಿದರು.

ಸ್ವತಂತ್ರ ಭಾರತದ ಸಂವಿಧಾನವು ೨೨ನೆಯ ಅನುಚ್ಛೇದದಲ್ಲಿ, ಬಂಧಿತನಿಗೆ ತಾನು ಆರಿಸಿದ ವಕೀಲನನ್ನು ಕಾಣುವ ಹಕ್ಕನ್ನು ಕೊಟ್ಟಿತು. ಬಡವನಿಗೆ ಸರಕಾರವೇ ವಕೀಲನನ್ನು ಒದಗಿಸಬೇಕೆಂಬುದನ್ನು ಸುಪ್ರೀಂ ಕೋರ್ಟು ೧೯೭೯ರಲ್ಲಿ, ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ಹಕ್ಕನ್ನು ಅವನು ಕೇಳಲಿಲ್ಲವೆಂದು ನೆವ ಹೇಳಲಾಗದು, ಅದು ಇದೆಯೆಂದು ಅವನಿಗೆ ತಿಳಿಸುವುದೇ ನ್ಯಾಯಾಧೀಶನ ಕರ್ತವ್ಯವೆಂದು ೧೯೮೬ರಲ್ಲಿ ಅರುಣಾಚಲದ ಸುಕ್ ದಾಸನ ಮೊಕದ್ದಮೆಯಲ್ಲಿ ತೀರ್ಪಾಗಿ, ಅವನಿಗಾಗಿದ್ದ ಶಿಕ್ಷೆಯು ರದ್ದಾಯಿತು.

ಅರ್ಸ್ಕಿನನ ಪ್ರಶ್ನೆಯೂ ಇಲ್ಲಿ ಮತ್ತೆ ಎದ್ದಿತು. ಇಂತಿಂತಹ ಆರೋಪಿಯ ಪರವಾಗಿ ಯಾರೂ ವಾದಿಸಕೂಡದೆಂದು ವಕೀಲರ ಸಂಘಗಳು ನಿರ್ಣಯ ಮಾಡುವ ರೂಢಿಯನ್ನು ೨೦೧೦ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಖಂಡಿಸಿ, ಅಂತಹ ನಿರ್ಣಯಗಳು ಶೂನ್ಯವೆಂದು ಸಾರಿತು. ಆ ತೀರ್ಪಿನಲ್ಲಿ ಪೇನನ ಮೊಕದ್ದಮೆಯ ಕಥೆಯನ್ನೇ ನೆನೆಯಿತು. ಆದರೂ ೨೦೨೦ರ ಫೆಬ್ರವರಿಯಲ್ಲಿ, ರಾಜದ್ರೋಹದ ಆರೋಪಕ್ಕೊಳಗಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿಯ ವಕೀಲರ ಸಂಘವು ಅಂತಹುದೇ ನಿರ್ಣಯವನ್ನು ಮಾಡಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಆಕ್ಷೇಪಿಸಿ, ಜಾಮೀನಿನ ಅರ್ಜಿಯನ್ನು ಹಿಡಿದು ಬರುವ ವಕೀಲರಿಗೆ ಪೊಲೀಸರ ಕಾವಲನ್ನು ಒದಗಿಸಬೇಕೆಂದು ಆಜ್ಞಾಪಿಸಿತು. ವಾದಿಸಬಂದವನಿಗೆ ಕಾವಲು ಬೇಕಾದ ಆ ದಿನವೂ ಈ ಚರಿತ್ರೆಯ ಒಂದು ಪುಟವೇ.

೧೮೯೮ರ ಸಂಹಿತೆಯು ೧೯೭೩ರಲ್ಲಿ ಹೋಗಿ, ೩೪೦ನೆಯ ಕಲಮಿನ ಮಾತು ಹೊಸದರಲ್ಲಿ ೩೦೩ನೆಯದಾಯಿತು. ಆ ಹೊಸದೂ ಹಳೆಯದಾಗಿ, ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದಿದೆ. ಅದರಲ್ಲಿ ಆರೋಪಿಯು ತನಗೆ ಬೇಕಾದ ವಕೀಲನನ್ನಿಟ್ಟುಕೊಳ್ಳುವ ಹಕ್ಕಿಗೆ ದೊರೆತಿರುವ ಅಂಕಿ ಮತ್ತೆ ೩೪೦.