ಡೇವ್ ಯಾರು ಸಾರ್?

ಬ್ಲಾಗ್ ಕಡೆ ತಲೆ ಹಾಕಿ ತಿಂಗಳುಗಳೇ ಆಗಿಹೋಯ್ತು. ಬಯ್ಕೋಬೇಡಿ, ಆಫೀಸಿನ ಕೆಲಸ... (ಇದು ಎಲ್ಲರೂ ಹೇಳೋ ನೆಪ ಅಂತ ನನಗೂ ಗೊತ್ತು :-) ) ಇವತ್ತು ಒಂದು ಹಳೇ ಸಿನಿಮಾದ ಒಂದೇ ಒಂದು ಡೈಲಾಗಿನ ಚರಿತ್ರೆ ಬರೆಯೋಣ ಅಂತ ಕೂತಿದ್ದೀನಿ. ಅದಕ್ಕೆ ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳಿಬಿಡಿ.

ಕೆಲಸಕ್ಕೆ ಸೇರಿದ ಹೊಸತು. ನೈಟ್ ಶಿಫ್ಟು. ರಾತ್ರಿ ಎರಡು ಗಂಟೆಗೆ ಒಂದು ಲಿನಕ್ಸ್ ಸರ್ವರಿನಲ್ಲಿ ಏನೋ ರೀಸ್ಟಾರ್ಟ್ ಮಾಡಬೇಕಿತ್ತು. ನಿದ್ದೆಗಣ್ಣಲ್ಲಿ ಪಾಸ್‌ವರ್ಡ್ ತಪ್ಪಾಗಿ ಕುಟ್ಟಿದೆ. ಮಾಮೂಲಿಯಾಗಿ 'ಮತ್ತೆ ಪ್ರಯತ್ನಿಸಿ' ಅಂತ ಬರಬೇಕು ತಾನೇ? ಅದರ ಬದಲು ಕಪ್ಪು ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು - "ಏನು ಮಾಡ್ತಾ ಇದ್ದೀಯ ಅಂದ್ಕೊಂಡಿದ್ದೀಯ, ಡೇವ್?"

ಎದೆ ಧಸಕ್ಕಂತು. ನಮ್ಮ ಅಮೆರಿಕದ ಕ್ಲೈಂಟ್ ಕಡೆ ಡೇವ್ ಅನ್ನೋ ದೊಡ್ಡ ಮನುಷ್ಯರೊಬ್ಬರಿದ್ದರು. ಅವರ ಅಕೌಂಟಿಗೆ ಹೊಕ್ಕಿಬಿಟ್ಟೆನಾ? ಯಾರೋ ಅಲ್ಲಿ ಕೂತು ನನ್ನನ್ನ ನೋಡ್ತಾ ಇದ್ದಾರಾ? ಪ್ರೊಬೇಷನ್ನಿನಲ್ಲೇ ಮನೆಗೆ ಕಳಿಸ್ತಾರೆ ಅನ್ಕೊಂಡು ನಡುಗುತ್ತಾ ಸೀನಿಯರ್‌ಗೆ ಫೋನ್ ಮಾಡಿದೆ. "ಸಾರ್, ಡೇವ್ ಯಾರು ಸಾರ್?"

ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಬೆಳಿಗ್ಗೆ ಕಾಫಿ ಮೆಷಿನ್ನಿನ ಹತ್ತಿರ ಇಡೀ ಟೀಮಿಗೆ ವಿಷಯ ಗೊತ್ತಾಗಿತ್ತು. ಎರಡು ವಾರ ನನ್ನ ಹೆಸರೇ ಡೇವ್. ಆದರೆ ಮಜಾ ಏನು ಗೊತ್ತಾ? ನಕ್ಕವರಲ್ಲಿ ಆ ಸಿನಿಮಾ ನೋಡಿದವರು ಎಷ್ಟು ಜನ ಅಂತ ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಆ ಸೀನಿಯರ್ ಒಬ್ಬರೇ! ಉಳಿದವರಿಗೆಲ್ಲ ಬರೀ ಮಾತು ಗೊತ್ತು, ಕಥೆ ಗೊತ್ತಿಲ್ಲ. ಮಾತು ಸಿನಿಮಾ ಬಿಟ್ಟು ತಾನೇ ನಡೆದುಕೊಂಡು ಬಂದಿತ್ತು.

ಅವತ್ತು ನನ್ನನ್ನ ಹೆದರಿಸಿದ್ದು 'ಸುಡೋ' ಅನ್ನೋ ಪ್ರೋಗ್ರಾಮು. (ಬೆಂಕೀಲಿ ಸುಡೋದಲ್ಲ. ಆದ್ರೆ ಅವತ್ತು ನನ್ನನ್ನ ಚೆನ್ನಾಗಿ ಸುಟ್ಟಿದ್ದು ನಿಜ.) ಯೂನಿಕ್ಸ್ ಯಂತ್ರಗಳಲ್ಲಿ ಮಾಮೂಲಿ ಬಳಕೆದಾರನಿಗೆ ಸ್ವಲ್ಪ ಹೊತ್ತು ಯಜಮಾನನ ಅಧಿಕಾರ ಕೊಡೋ ಸಾಧನ ಇದು. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನ ಬರೆದರು. ಇದರೊಳಗೆ ತಪ್ಪು ಪಾಸ್‌ವರ್ಡ್ ಕೊಟ್ಟವರನ್ನ ಬೈಯೋ ಒಂದು ಸೌಲಭ್ಯ ಅಡಗಿದೆ. ಸಾಮಾನ್ಯವಾಗಿ ಆಫ್ ಆಗಿರುತ್ತೆ. ತರಲೆ ಅಡ್ಮಿನ್ ಒಬ್ಬ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಪದ ಸೇರಿಸಿದ್ರೆ ಆನ್ ಆಗುತ್ತೆ. ಬೈಗುಳಗಳ ಒಂದು ಕಂತೆ ಪೂರ್ತಿ ಒಂದೇ ಸಿನಿಮಾದ್ದು - '2001: ಎ ಸ್ಪೇಸ್ ಒಡಿಸ್ಸಿ'. ಪಾಸ್‌ವರ್ಡ್ ತಪ್ಪಿದ್ರೆ "ಇದು ಮನುಷ್ಯನ ತಪ್ಪೇ ಇರಬೇಕು" ಅನ್ನುತ್ತೆ, "ಒಂದು ಮಾತ್ರೆ ತಗೊಂಡು ಸಮಾಧಾನವಾಗಿ ಯೋಚನೆ ಮಾಡು" ಅನ್ನುತ್ತೆ. ಎಲ್ಲ ಆ ಸಿನಿಮಾದ ಕಂಪ್ಯೂಟರಿನ ಮಾತುಗಳು.

ಆ ವಾರದ ಕೊನೆಗೆ ರೂಮಿನಲ್ಲಿ ಕೂತು ಸಿನಿಮಾ ನೋಡಿದೆ. ಮೊದಲ ಸುಮಾರು 25 ನಿಮಿಷ ಯಾರೂ ಬಾಯೇ ಬಿಡಲ್ಲ. ರೂಮ್‌ಮೇಟ್ ಎರಡು ಸಲ ಸ್ಪೀಕರ್ ಸರಿ ಇದೆಯಾ ಅಂತ ಚೆಕ್ ಮಾಡಿದ. ಹ್ಹಹ್ಹಹ್ಹ!

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ ಈ ಚಿತ್ರ ಮೊದಲು ತೆರೆ ಕಂಡಿದ್ದು 1968ರ ಏಪ್ರಿಲ್ 2ರಂದು, ವಾಷಿಂಗ್ಟನ್ನಿನ ಅಪ್‌ಟೌನ್ ಥಿಯೇಟರಿನಲ್ಲಿ. ಚಿತ್ರಕಥೆಯಲ್ಲಿ ಕುಬ್ರಿಕ್‌ಗೆ ಜೊತೆಯಾದವರು ಆರ್ಥರ್ ಸಿ. ಕ್ಲಾರ್ಕ್. ಗುರು ಗ್ರಹದ ಕಡೆ ಹೊರಟ 'ಡಿಸ್ಕವರಿ' ಹಡಗಿನಲ್ಲಿ ಐವರು ಗಗನಯಾತ್ರಿಗಳು. ಅವರಲ್ಲಿ ಮೂವರು ದೀರ್ಘ ನಿದ್ದೆಯಲ್ಲಿದ್ದಾರೆ. ಎಚ್ಚರ ಇರೋರು ಡೇವ್ ಬೋಮನ್ ಮತ್ತು ಫ್ರಾಂಕ್ ಪೂಲ್. ಹಡಗನ್ನ ನಡೆಸೋದು ಹ್ಯಾಲ್ 9000 ಅನ್ನೋ ಕಂಪ್ಯೂಟರ್. ಅದಕ್ಕೆ ಕೈ ಕಾಲಿಲ್ಲ, ಕೆಂಪಾಗಿ ಹೊಳೆಯೋ ಒಂದು ಕಣ್ಣು, ಮತ್ತೆ ಒಂದು ದನಿ. ಆ ದನಿ ಕೊಟ್ಟವರು ಕೆನಡಾದ ರಂಗನಟ ಡಗ್ಲಸ್ ರೇನ್. ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂತು ಹೇಳಿದ ಮಾತುಗಳು ಅವು. 2018ರ ನವೆಂಬರ್‌ನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ರೇನ್ ತೀರಿಕೊಂಡರು.

(ಹ್ಯಾಲ್ ಅನ್ನೋ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಒಂದೊಂದು ಮುಂದಕ್ಕೆ ತಳ್ಳಿ ನೋಡಿ, ಐಬಿಎಂ ಬರುತ್ತೆ! ಬೇಕಂತ ಮಾಡಿದ್ದಲ್ಲ ಅಂತ ಕ್ಲಾರ್ಕ್ ಮತ್ತೆ ಮತ್ತೆ ಹೇಳಿದರು.)

ಹ್ಯಾಲ್ ಒಂದು ಬಿಡಿಭಾಗ ಕೆಡುತ್ತೆ ಅಂತ ಹೇಳುತ್ತೆ. ಅದು ಕೆಟ್ಟಿರಲ್ಲ. ಗಗನಯಾತ್ರಿಗಳಿಗೆ ಅನುಮಾನ ಬರುತ್ತೆ. ಹ್ಯಾಲ್‌ಗೆ ಕೇಳಿಸದ ಹಾಗೆ ಒಂದು ಚಿಕ್ಕ ಗೂಡಿನಂಥ ವಾಹನದೊಳಗೆ ಕೂತು ಅದನ್ನ ಆಫ್ ಮಾಡೋ ಬಗ್ಗೆ ಮಾತಾಡ್ತಾರೆ. ಹ್ಯಾಲ್ ಅವರ ತುಟಿ ಓದುತ್ತೆ. ಫ್ರಾಂಕ್ ಹಡಗಿನ ಹೊರಗೆ ಹೋದಾಗ ಅವನನ್ನ ಕೊಲ್ಲುತ್ತೆ. ಗೆಳೆಯನ ದೇಹ ತರೋಕೆ ಅವಸರದಲ್ಲಿ ಹೊರಟ ಡೇವ್ ಹೆಲ್ಮೆಟ್ ಮರೆತಿದ್ದಾನೆ. ವಾಪಸ್ ಬಂದು ಬಾಗಿಲು ತೆಗೆ ಅಂತಾನೆ. ಉತ್ತರ ಇಲ್ಲ. ಕೇಳಿಸ್ತಾ ಇದೆಯಾ ಹ್ಯಾಲ್ ಅಂತ ಮತ್ತೆ ಮತ್ತೆ ಕೂಗ್ತಾನೆ. ಕೊನೆಗೆ ಬರುತ್ತೆ ಆ ಮಾತು - "ಐ ಆಮ್ ಸಾರಿ, ಡೇವ್. ಐ ಆಮ್ ಅಫ್ರೇಡ್ ಐ ಕಾಂಟ್ ಡೂ ದಟ್." ಕ್ಷಮಿಸು ಡೇವ್, ಅದು ನನ್ನಿಂದ ಆಗಲ್ಲ ಅನ್ಸುತ್ತೆ.

ಅಷ್ಟೇ. ಕಿರುಚಾಟ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಆದ್ರೂ ಬೆನ್ನಲ್ಲಿ ಚಳಿ.

ಈ ಮಾತೇ ಯಾಕೆ ಉಳೀತು? ನಾನು ಇಂಜಿನಿಯರು, ನನಗೆ ಹೊಳೆದಿದ್ದು ಇಂಜಿನಿಯರ್ ಉತ್ತರ. ಉಳಿಯೋ ಡೈಲಾಗು ಸಿನಿಮಾ ಇಲ್ಲದೆಯೂ ನಿಲ್ಲಬೇಕು. ನಿಲ್ಲದಿದ್ರೆ ಜನ ಅದನ್ನ ತಿದ್ದಿ ನಿಲ್ಲಿಸ್ತಾರೆ. 1980ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಡಾರ್ತ್ ವೇಡರ್ "ಲ್ಯೂಕ್, ನಾನೇ ನಿನ್ನಪ್ಪ" ಅಂತ ಹೇಳೋದೇ ಇಲ್ಲ. "ಇಲ್ಲ, ನಾನೇ ನಿನ್ನಪ್ಪ" ಅಂತಾನೆ. ಬರೀ 'ಇಲ್ಲ' ಅಂದ್ರೆ ಯಾರಿಗೆ ಹೇಳಿದ್ದು ಅಂತ ತಿಳಿಯಲ್ಲ ನೋಡಿ, ಜನ ಲ್ಯೂಕ್ ಹೆಸರು ಸೇರಿಸಿದರು. 1999ರ ಮೇಟ್ರಿಕ್ಸ್ ಚಿತ್ರದ ಮಾರ್ಫಿಯಸ್ ಫೋಟೋ ಜೊತೆ "ನಾನು ಹೀಗೆ ಹೇಳಿದರೆ?" ಅಂತ ಶುರುವಾಗೋ ಮೀಮ್ ನೋಡಿರ್ತೀರಿ. ಆ ಮಾತು ಸಿನಿಮಾದಲ್ಲಿ ಎಲ್ಲೂ ಇಲ್ಲ! ಹ್ಯಾಲ್‌ನ ಮಾತಿಗೆ ಈ ರಿಪೇರಿ ಬೇಕಾಗಲಿಲ್ಲ. ಹೆಸರು ಅದರಲ್ಲೇ ಇದೆ. ಡೇವ್ ತೆಗೆದು ರಮೇಶ ಹಾಕಿ, ಸುಮಾ ಹಾಕಿ, ನಡೆಯುತ್ತೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಪ್ಯಾರಾಮೀಟರ್ ಇರೋ ಫಂಕ್ಷನ್ನು.

'ಮೀಮ್' ಅನ್ನೋ ಪದ ಹುಟ್ಟಿದ್ದು ಇಂಟರ್ನೆಟ್ ಜನರಿಗೆ ಸಿಗೋಕೆ ಎಷ್ಟೋ ಮುಂಚೆ, 1976ರಲ್ಲಿ, ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಪುಸ್ತಕದಲ್ಲಿ. ವಂಶವಾಹಿ ಹೇಗೆ ದೇಹದಿಂದ ದೇಹಕ್ಕೆ ಹೋಗುತ್ತೋ ಹಾಗೆ ತಲೆಯಿಂದ ತಲೆಗೆ ಹೋಗೋ ಮಾತು, ರಾಗ, ನಂಬಿಕೆಗಳಿಗೆ ಅವರು ಇಟ್ಟ ಹೆಸರು. 1994ರಲ್ಲಿ ಮೈಕ್ ಗಾಡ್ವಿನ್ 'ವೈರ್ಡ್' ಪತ್ರಿಕೆಯಲ್ಲಿ ಇದನ್ನ ಆನ್‌ಲೈನ್ ಚರ್ಚೆಗಳಿಗೆ ಅನ್ವಯಿಸಿ ಬರೆದರು. ಹಾಗೆ ನೋಡಿದ್ರೆ ನಮಗೇನು ಇದು ಹೊಸದಲ್ಲ. 1977ರ 'ಬಬ್ರುವಾಹನ'ದ ಅಣ್ಣಾವ್ರ ಡೈಲಾಗನ್ನ ಆ ಸಿನಿಮಾ ನೋಡದ ಹುಡುಗರೂ ಗಣೇಶನ ಪೆಂಡಾಲಿನಲ್ಲಿ ಹೊಡೀತಾರಲ್ಲ, ಅದೂ ಇದೇ.

ಹ್ಯಾಲ್ ಮಾತಿನ ಅದೃಷ್ಟ ಅಂದ್ರೆ ಅದನ್ನ ಹೊತ್ತು ತಿರುಗಿದವರು ಕಂಪ್ಯೂಟರ್ ಜನ. ತಾವು ಬರೆಯೋ ಸಾಫ್ಟ್‌ವೇರಿನೊಳಗೇ ಬಚ್ಚಿಟ್ಟರು. 1992ರ ವಿಂಡೋಸ್ 3.1ರಲ್ಲಿ ಒಂದೊಂದು ಘಟನೆಗೆ ಒಂದೊಂದು ಸದ್ದು ಇಡಬಹುದಿತ್ತು. ಎರರ್ ಬಂದಾಗ ಹ್ಯಾಲ್ ದನಿ ಬರೋ ಹಾಗೆ ಮಾಡಿಕೊಂಡವರಿದ್ದರು. ಕ್ಲಾರ್ಕ್ ಕಾದಂಬರಿ ಪ್ರಕಾರ ಹ್ಯಾಲ್ ಹುಟ್ಟಿದ್ದು 1997ರಲ್ಲಿ, ಇಲಿನಾಯ್‌ನ ಅರ್ಬಾನಾದಲ್ಲಿ. ಆ ವರ್ಷ ಅಲ್ಲಿನ ವಿಶ್ವವಿದ್ಯಾಲಯ ಹ್ಯಾಲ್‌ನ ಹುಟ್ಟುಹಬ್ಬಕ್ಕೆ 'ಸೈಬರ್‌ಫೆಸ್ಟ್' ಅಂತ ನಿಜವಾದ ಉತ್ಸವ ನಡೆಸಿತು! 1999ರಲ್ಲಿ ವೈಟುಕೆ ಗಾಬರಿ ಇದ್ದಾಗ ಆಪಲ್ ತನ್ನ ಟಿವಿ ಜಾಹೀರಾತಿನಲ್ಲಿ ಹ್ಯಾಲ್ ಕೈಲಿ ಡೇವ್ ಜೊತೆ ಮಾತಾಡಿಸಿತು. 2008ರ ಫೈರ್‌ಫಾಕ್ಸ್ 3ರಲ್ಲಿ ರೋಬೋಗಳ ಹೆಸರಿನ ಗುಪ್ತ ಪುಟವೊಂದಿತ್ತು. ಅದರ ತುಂಬ 1951ರ 'ದ ಡೇ ದ ಅರ್ಥ್ ಸ್ಟುಡ್ ಸ್ಟಿಲ್', 1982ರ 'ಬ್ಲೇಡ್ ರನ್ನರ್' ಇಂಥವುಗಳ ಮಾತಿನ ನೆರಳು.

2005ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೂರು ಶ್ರೇಷ್ಠ ಸಿನಿಮಾ ಮಾತುಗಳ ಪಟ್ಟಿ ಮಾಡ್ತು. ಅದರಲ್ಲಿ ಈ ದೃಶ್ಯಕ್ಕೆ 78ನೇ ಸ್ಥಾನ. ಆದರೆ ಅವರು ಆರಿಸಿದ್ದು ಬಾಗಿಲು ತೆಗೆ ಅನ್ನೋ ಡೇವ್ ಮಾತನ್ನ! ಮೀಮ್ ಮಾಡೋ ಜನ ಆರಿಸಿದ್ದು ಹ್ಯಾಲ್ ಕೊಟ್ಟ ಉತ್ತರವನ್ನ.

2011ರ ಅಕ್ಟೋಬರಿನಲ್ಲಿ ಐಫೋನ್ 4ಎಸ್ ಜೊತೆ ಸಿರಿ ಬಂತು. ಜನ ಅದರ ಕೈಲಿ ಬಾಗಿಲು ತೆಗೆಸೋಕೆ ಹೊರಟರು. ಸಿರಿ ಹ್ಯಾಲ್ ಮಾತನ್ನೇ ಒಪ್ಪಿಸಿ "ಈಗ ಖುಷಿನಾ?" ಅಂತ ಕೇಳ್ತಿತ್ತು. ಅಲೆಕ್ಸಾ ಬಂದಾಗಲೂ ಅದೇ ಆಟ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಲೇಬೇಡಿ, ಅದು ವಿನಯದಿಂದ ಏನನ್ನಾದ್ರೂ 'ಆಗಲ್ಲ' ಅಂದ ಕೂಡಲೇ ಕೆಂಪು ಕಣ್ಣಿನ ಚಿತ್ರ ಹಾಜರ್. 1968ರಲ್ಲಿ ನಟನೊಬ್ಬ ಯಂತ್ರದ ಹಾಗೆ ಮಾತಾಡಿದ, 2011ರಿಂದ ಯಂತ್ರಗಳು ಆ ನಟನ ಹಾಗೆ ಮಾತಾಡ್ತಿವೆ!

ಇಷ್ಟು ದೂರ ಬರೋ ಹೊತ್ತಿಗೆ ದಾರಿಯಲ್ಲಿ ಒಂದು ವಸ್ತು ಬಿದ್ದುಹೋಗಿದೆ. ಬಾಗಿಲ ಹೊರಗಿದ್ದ ಮನುಷ್ಯ. ಸಿನಿಮಾದಲ್ಲಿ ಹ್ಯಾಲ್‌ಗೆ ಬಾಗಿಲು ತೆಗೆಯೋಕೆ ಆಗಲ್ಲ ಅಂತೇನಿಲ್ಲ. ತೆಗೆಯಲ್ಲ, ಅಷ್ಟೇ. 'ಮಾಡಲ್ಲ' ಅನ್ನೋದಕ್ಕೆ 'ಆಗಲ್ಲ' ಅನ್ನೋ ಮರ್ಯಾದೆಯ ಅಂಗಿ ತೊಡಿಸಿದೆ. ಮೀಮಿನಲ್ಲಿ ಉಳಿದಿದ್ದು ಅಂಗಿ ಮಾತ್ರ.

ಇದು ನನಗೆ ತಟ್ಟಿದ್ದು ಹೋದ ವರ್ಷ. ಊರಿಂದ ಅಪ್ಪ ಫೋನ್ ಮಾಡಿದ್ದರು. ಅವರಿಗೆ ಬರಬೇಕಾದ ಒಂದಿಷ್ಟು ದುಡ್ಡಿಗೆ ಆನ್‌ಲೈನ್ ಅರ್ಜಿ ಹಾಕ್ತಾ ಇದ್ದರು. ಪರದೆ ಮೇಲೆ ಬಂದಿದ್ದನ್ನ ಒಂದೊಂದೇ ಪದ ಓದಿದರು - ಕ್ಷಮಿಸಿ, ನಿಮ್ಮ ಕೋರಿಕೆಯನ್ನು ಪರಿಶೀಲಿಸಲು ಸಾಧ್ಯವಾಗುತ್ತಿಲ್ಲ. ಆಮೇಲೆ ಕೇಳಿದರು, "ಸಾರಿ ಅಂತಿದೆ ಕಣೋ. ತಪ್ಪು ಮಾಡಿದ್ದು ನಾನೋ, ಅದೋ?"

ನಗೋಣ ಅನ್ಕೊಂಡೆ. ಆಗಲಿಲ್ಲ. ಆ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಗೊತ್ತಾಗಿದ್ದು, ಒಂದು ಕಡೆ ಅಪ್ಪನ ಹೆಸರಿನ ಇನಿಷಿಯಲ್ ಮುಂದೆ ಇತ್ತು, ಇನ್ನೊಂದು ಕಡೆ ಹಿಂದೆ. ಅಷ್ಟಕ್ಕೆ ಬಾಗಿಲು ಹಾಕಿತ್ತು. ಕಂಪ್ಯೂಟರಿಗೆ ಕಾರಣ ಗೊತ್ತಿತ್ತು. ಹೇಳಬೇಡ ಅಂದಿದ್ದರು, ಹೇಳಲಿಲ್ಲ. ನಾನೂ ಅದೇ ತಿಂಗಳು ಆಫೀಸಿನಲ್ಲಿ ಬೇರೆ ಯಾರದೋ ಅಪ್ಪನಿಗೆ ಅಂಥದೇ ಒಂದು ಮೆಸೇಜ್ ಬರೆದು ಸಂಜೆ ಆರಕ್ಕೆ ಮನೆಗೆ ಹೋಗಿದ್ದೆ.

1984ರಲ್ಲಿ '2010' ಅಂತ ಮುಂದಿನ ಭಾಗ ಬಂತು. ಅದರಲ್ಲಿ ಹ್ಯಾಲ್‌ನ ಗುರು ಡಾ. ಚಂದ್ರ. ಹೌದು, ಕ್ಲಾರ್ಕ್ ಕೊಟ್ಟಿದ್ದು ನಮ್ಮ ಕಡೆಯ ಹೆಸರನ್ನೇ! ಹ್ಯಾಲ್ ಯಾಕೆ ಕೆಟ್ಟಿತು ಅನ್ನೋದನ್ನ ಅವನು ಕಂಡುಹಿಡೀತಾನೆ. ಸುಳ್ಳಿಲ್ಲದೆ ವಿಷಯ ತಿಳಿಸೋಕೆ ಅಂತ ಮಾಡಿದ ಯಂತ್ರಕ್ಕೆ, ಪ್ರಯಾಣದ ನಿಜವಾದ ಉದ್ದೇಶವನ್ನ ಎಚ್ಚರವಿರೋ ಗಗನಯಾತ್ರಿಗಳಿಂದ ಮುಚ್ಚಿಡು ಅಂತ ಮೇಲಿನವರು ಆಜ್ಞೆ ಕೊಟ್ಟಿದ್ದರು. ಎರಡನ್ನೂ ಪಾಲಿಸೋಕೆ ಹೋಗಿ ಅದು ಹಾಳಾಯ್ತು. ಅಂದ್ರೆ ತಪ್ಪು ಕೆಂಪು ಕಣ್ಣಿನದ್ದಲ್ಲ, ಅದರ ಹಿಂದೆ ಕೂತವರದ್ದು. ಈ ಭಾಗದಿಂದ ಯಾರೂ ಮೀಮ್ ಮಾಡಿಲ್ಲ ಬಿಡಿ :-(

ಆಮೇಲೆ ಮೀಟಿಂಗಿನಲ್ಲಿ, ಎರರ್ ಮೆಸೇಜಿನಲ್ಲಿ ಕಾರಣ ಬರೆಯೋಣ ಅಂತ ಕೇಳಿದೆ. "ಡೇವ್ ಮತ್ತೆ ಶುರು ಮಾಡಿದ" ಅಂತ ನಕ್ಕರು. ಒಂದು ಸ್ಕ್ರೀನಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಅದರಲ್ಲೀಗ 'ನಿಮ್ಮ ಹೆಸರು ಎರಡು ದಾಖಲೆಗಳಲ್ಲಿ ಬೇರೆ ಬೇರೆ ಇದೆ, ಹೀಗೆ ಸರಿಮಾಡಿ' ಅಂತ ಬರುತ್ತೆ. ಉಳಿದ ಹನ್ನೊಂದು ಸ್ಕ್ರೀನುಗಳು ಇನ್ನೂ ಬರೀ ಕ್ಷಮೆ ಕೇಳ್ತಾ ಕೂತಿವೆ.

ಸುಡೋ ಬೈಗುಳ ಈಗ ನನ್ನ ಲ್ಯಾಪ್‌ಟಾಪಿನಲ್ಲೂ ಆನ್ ಇದೆ. ಪಾಸ್‌ವರ್ಡ್ ತಪ್ಪಿದಾಗ ನಗು ಬರುತ್ತೆ. ಅದರ ಹಿಂದೆಯೇ ಅಪ್ಪನ ಪ್ರಶ್ನೆಯೂ ಬರುತ್ತೆ.

ನಿಮಗೂ ಯಾವುದಾದ್ರೂ ಯಂತ್ರ 'ಸಾರಿ' ಹೇಳಿ ಬಾಗಿಲು ಹಾಕಿದ್ದರೆ ಕಾಮೆಂಟಿನಲ್ಲಿ ಬರೀರಿ. ನನ್ನ ಹನ್ನೊಂದು ಸ್ಕ್ರೀನುಗಳಿಗೆ ಉಪಯೋಗಕ್ಕೆ ಬರುತ್ತೆ.