ಗೇಣಿ, ಡಿಕ್ಲರೇಶನ್ ಮತ್ತು ಚೋಮ

ಮನೆ ಕಟ್ಟಿದವನೊಬ್ಬ, ಮನೆ ನಿಂತ ನೆಲದ ಒಡೆಯ ಮತ್ತೊಬ್ಬ. ನಮ್ಮ ಜಿಲ್ಲೆಯಲ್ಲಿ ಬಹುಕಾಲ ನಡೆದುಬಂದ ವ್ಯವಸ್ಥೆಯಿದು. ಉಡುಪಿ, ಕಾಪು, ಕಾರ್ಕಳದ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಚಿರಪರಿಚಿತ. ಮೂಲಗೇಣಿದಾರನ ಹಕ್ಕು ಶಾಶ್ವತ, ಅವನ ಗೇಣಿ ಸ್ಥಿರ. ಚಾಲಗೇಣಿಯ ಒಕ್ಕಲಿಗೆ ಈ ಭದ್ರತೆ ಇರಲಿಲ್ಲ. ಗೇಣಿ ಏರೀತೆಂಬ, ಧಣಿ ಒಕ್ಕಲೆಬ್ಬಿಸಿಯಾನೆಂಬ ಭಯದಲ್ಲೇ ಅವನು ತೆಂಗಿನ ಸಸಿ ನೆಡಬೇಕಾಗಿತ್ತು.

ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಭೂಮಿ ಸರಕಾರಕ್ಕೆ ಸೇರಿತು; ಉಳುತ್ತಿದ್ದವರು ಅದನ್ನು ತಮ್ಮ ಹೆಸರಿಗೆ ಪಡೆಯಲು ಅರ್ಜಿ ಹಾಕಿದರು. ಜನ ಅದನ್ನು 'ಡಿಕ್ಲರೇಶನ್' ಎಂದರು. ಭೂ ನ್ಯಾಯಮಂಡಳಿಯ ಮುಂದೆ ಧಣಿ ಒಕ್ಕಲುಗಳು ಎದುರುಬದುರಾಗಿ ನಿಂತರು. ಒಕ್ಕಲಿನ ಪಾಲಿಗೆ ಅದು ತಲೆಮಾರುಗಳ ಬೆವರಿನ ಫಲ. ಇತ್ತ ಕಡೆ, ಗೇಣಿಯನ್ನೇ ನಂಬಿದ್ದ ಮಠ, ದೇವಸ್ಥಾನಗಳ ಆದಾಯ ಕುಗ್ಗಿತು. ಹತ್ತು ಮುಡಿ ಅಕ್ಕಿಯೇ ಆಧಾರವಾಗಿದ್ದ ವಿಧವೆಯರೂ, ಹೋಟೆಲ್ ದುಡಿಮೆಗೆಂದು ಮುಂಬಯಿ ಸೇರಿದ್ದ ಸಣ್ಣ ಹಿಡುವಳಿದಾರರೂ ನೆಲ ಕಳೆದುಕೊಂಡರು. ಎಲ್ಲ ಧಣಿಗಳೂ ಸಿರಿವಂತರಾಗಿರಲಿಲ್ಲ.

ಮರುವರ್ಷ, 1975ರಲ್ಲಿ, ಬಿ. ವಿ. ಕಾರಂತರ 'ಚೋಮನ ದುಡಿ' ಚಲನಚಿತ್ರ ಬಂತು. ಕೋಟದ ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಸಂದವು. ಚೋಮನ ಬಳಿ ಜೋಡಿ ಎತ್ತುಗಳಿವೆ. ಅವನಿಗೆ ಬೇಕಾದದ್ದು ಉಳಲು ತುಸು ಗದ್ದೆ. ದಲಿತನಾದ ಕಾರಣಕ್ಕೆ ಅದು ದಕ್ಕುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ವಲಸೆ ಹೋಗುತ್ತಾರೆ.

ನನಗೆ ಮುಖ್ಯವೆನಿಸುವುದು ಇಷ್ಟು: ಉಳುವವನಿಗೆ ಭೂಮಿ ಕೊಟ್ಟ ಕಾನೂನು ಚೋಮನಿಗೆ ಗದ್ದೆ ಕೊಡಲಾರದಾಗಿತ್ತು. ಗೇಣಿ ಇದ್ದವನಿಗಷ್ಟೇ ಡಿಕ್ಲರೇಶನ್. ಗೇಣಿಗೂ ಅರ್ಹನಲ್ಲವೆಂದು ಊರು ದೂರವಿಟ್ಟವನು ಯಾವ ಅರ್ಜಿ ಹಾಕಿಯಾನು? ಪರರ ಜಾಗದಲ್ಲಿದ್ದ ಕೃಷಿಕೂಲಿಗಳಿಗೆ ವಾಸದ ಮನೆಯನ್ನೂ ಅದರ ಅಡಿಸ್ಥಳವನ್ನೂ ಕೊಡಲು ಅದೇ ಕಾಯಿದೆಯ 38ನೆಯ ಕಲಮು ಅವಕಾಶ ಮಾಡಿತು. ತಲೆಯ ಮೇಲೊಂದು ಸೂರು, ಉಳಲು ಗದ್ದೆಯಲ್ಲ.

ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಊರಿನ ಮನೆಯ ಪಾಲಿನ ಮಾತೆತ್ತುವ ಮೊದಲು ಆ ನೆಲ ನಿಮ್ಮ ಮನೆತನಕ್ಕೆ ಹೇಗೆ ಬಂತೆಂದು ಹಿರಿಯರನ್ನು ಕೇಳಿ. ಅದರಲ್ಲಿ ದುಡಿದು, ಪಹಣಿಯಲ್ಲಿ ಹೆಸರಿಲ್ಲದೆ ಹೋದವರು ಯಾರೆಂಬುದನ್ನೂ ತಪ್ಪದೆ ಕೇಳಿ.