ಮುದ್ದೆಮಾಲು: ಪೊಲೀಸ್ ವಶದ ಸ್ವತ್ತಿನ ರಕ್ಷಣೆ ಮತ್ತು ವಿಲೇವಾರಿ

ಅಪರಾಧದ ತನಿಖೆಯಲ್ಲಿ ಪೊಲೀಸರು ವಶಪಡಿಸಿಕೊಂಡು ನ್ಯಾಯಾಲಯದ ಮುಂದಿಡುವ ವಸ್ತುಗಳಿಗೆ ಮುದ್ದೆಮಾಲು ಎಂದು ಹೆಸರು. ಕಳವಿನ ಒಡವೆ, ಕೊಲೆಗೆ ಬಳಸಿದ ಮಚ್ಚು, ರಕ್ತ ಹತ್ತಿದ ಬಟ್ಟೆ, ಅಪಘಾತಕ್ಕೀಡಾದ ಲಾರಿ, ಖೋಟಾ ನೋಟು, ಗಾಂಜಾ, ಮೊಬೈಲ್ ಫೋನು ಎಲ್ಲವೂ ಇದರಲ್ಲಿ ಸೇರುತ್ತವೆ. ಮುದ್ದೆಮಾಲು, ಜಪ್ತಿ, ಮಹಜರು, ಸುಪರ್ದಿ ಎಂಬ ಅರಬ್ಬಿ–ಫಾರಸಿ ಮೂಲದ ಮಾತುಗಳು ಇಂಗ್ಲಿಷರ ಕಾನೂನು ಬಂದ ಮೇಲೂ ಕಚೇರಿಯ ಕನ್ನಡದಲ್ಲಿ ಉಳಿದುಕೊಂಡಿವೆ. ಮುದ್ದೆಮಾಲು ಇಡುವ ಕೋಣೆಯನ್ನು ಉತ್ತರ ಭಾರತದಲ್ಲಿ ಮಾಲ್‌ಖಾನಾ ಎನ್ನುತ್ತಾರೆ.

ಮುದ್ದೆಮಾಲಿಗೆ ಎರಡು ಮುಖಗಳಿವೆ. ಅದು ಸಾಕ್ಷ್ಯವೂ ಹೌದು, ಯಾರದೋ ಸ್ವತ್ತೂ ಹೌದು. ಸಾಕ್ಷ್ಯವಾದರೆ ಮೊಕದ್ದಮೆ ಮುಗಿಯುವವರೆಗೆ ಇದ್ದ ಹಾಗೆಯೇ ಇರಬೇಕು. ಸ್ವತ್ತಾದರೆ ಆದಷ್ಟು ಬೇಗ ಒಡೆಯನ ಕೈ ಸೇರಬೇಕು. ಈ ಎರಡನ್ನೂ ಹೊಂದಿಸುವ ಯತ್ನವೇ ಭಾರತದಲ್ಲಿ ಈ ಕಾನೂನು ಬೆಳೆದ ಬಗೆ.

ಪೂರ್ವೇತಿಹಾಸ

ಕಳೆದುಹೋದ ಸ್ವತ್ತನ್ನು ಆಳುವವನು ಕಾಯಬೇಕೆಂಬ ನಿಯಮ ಧರ್ಮಶಾಸ್ತ್ರಗಳಲ್ಲಿಯೇ ಇದೆ. ಒಡೆಯನು ಗೊತ್ತಿಲ್ಲದ ಸ್ವತ್ತನ್ನು ರಾಜನು ಮೂರು ವರ್ಷ ಇಟ್ಟುಕೊಂಡಿರಬೇಕು, ಅದು ತನ್ನದೆಂದು ಬಂದವನು ವಸ್ತುವಿನ ರೂಪ, ಸಂಖ್ಯೆ ಮುಂತಾದ ಗುರುತು ಹೇಳಬೇಕು ಎಂದು ಮನುಸ್ಮೃತಿ ವಿಧಿಸುತ್ತದೆ. ಸುಳ್ಳು ಹೇಳಿದವನಿಗೆ ದಂಡವೂ ಇತ್ತು. ಸುಂಕದವರು ಇಲ್ಲವೆ ಕಾವಲಿನವರು ತಂದೊಪ್ಪಿಸಿದ ಸ್ವತ್ತಿಗೆ ಯಾಜ್ಞವಲ್ಕ್ಯಸ್ಮೃತಿ ಒಂದು ವರ್ಷದ ಅವಧಿ ಕೊಡುತ್ತದೆ. ಗುರುತು ಹೇಳಿಸುವುದು, ಅವಧಿ ಗೊತ್ತುಮಾಡುವುದು ಎಂಬ ಎರಡು ಅಂಶಗಳು ಇಂದಿನ ಕಾನೂನಿನಲ್ಲಿಯೂ ಇವೆ.

ವಸಾಹತು ಕಾಲದ ಕಾನೂನು

ಈಗಿನ ವ್ಯವಸ್ಥೆಯ ತಳಪಾಯ 1861ರ ಪೊಲೀಸ್ ಕಾಯಿದೆ. ವಾರಸುದಾರರಿಲ್ಲದ ಸ್ವತ್ತನ್ನು ಪೊಲೀಸರು ವಶಕ್ಕೆ ತೆಗೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಪಟ್ಟಿ ಸಲ್ಲಿಸಬೇಕು, ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬೇಕು, ಆರು ತಿಂಗಳೊಳಗೆ ಯಾರೂ ಬಾರದಿದ್ದರೆ ಅದನ್ನು ಮಾರಬಹುದು ಎಂದು ಅದು ಹೇಳಿತು. ವಶಕ್ಕೆ ಬಂದ ಸ್ವತ್ತಿನ ವಿವರವನ್ನು ಠಾಣೆಯ ದಿನಚರಿಯಲ್ಲಿ ಬರೆಯುವುದನ್ನೂ ಕಡ್ಡಾಯ ಮಾಡಿತು. ಅದೇ ವರ್ಷ ಮೊದಲ ದಂಡ ಪ್ರಕ್ರಿಯಾ ಸಂಹಿತೆ ಬಂತು. 1872, 1882, 1898ರಲ್ಲಿ ಅದರ ಹೊಸ ರೂಪಗಳು ಬಂದವು. ಈ ಸಂಹಿತೆಗಳಲ್ಲಿ ನೆಲೆಗೊಂಡ ತತ್ತ್ವವೆಂದರೆ ವಸ್ತು ಠಾಣೆಯಲ್ಲಿದ್ದರೂ ಅದರ ಮೇಲಿನ ಅಧಿಕಾರ ನ್ಯಾಯಾಲಯದ್ದು. ಪೊಲೀಸರು ಕಾಯುವವರೇ ಹೊರತು ಕೊಡುವ, ಕೊಡದಿರುವ ತೀರ್ಮಾನ ಅವರದಲ್ಲ.

ಜಪ್ತಿ ಮತ್ತು ಸಂಗ್ರಹ

ವಸ್ತು ಸಿಕ್ಕ ಜಾಗದಲ್ಲಿ ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಎದುರಿಗೆ ಮಹಜರು (ಜಪ್ತಿಯ ವಿವರಪತ್ರ) ಬರೆಯುವುದರಿಂದ ಕೆಲಸ ಶುರುವಾಗುತ್ತದೆ. ವಸ್ತುವಿನ ತೂಕ, ಬಣ್ಣ, ಗುರುತು ನಮೂದಿಸಿ, ಪೊಟ್ಟಣ ಕಟ್ಟಿ, ಪಂಚರ ಸಹಿಯುಳ್ಳ ಚೀಟಿ ಅಂಟಿಸಿ, ಅರಗಿನ ಮೊಹರು ಒತ್ತುತ್ತಾರೆ. ಕರ್ನಾಟಕದ ಠಾಣೆಗಳಲ್ಲಿ ಪ್ರತಿ ಜಪ್ತಿಗೂ ಸ್ವತ್ತಿನ ನಮೂನೆ, ಅಂದರೆ ‘ಪಿ.ಎಫ್.’ ತುಂಬಿ ಸಂಖ್ಯೆ ಕೊಟ್ಟು ನ್ಯಾಯಾಲಯಕ್ಕೆ ವರದಿ ಮಾಡುತ್ತಾರೆ. ವಿಚಾರಣೆಯಲ್ಲಿ ಸಾಕ್ಷಿ ಗುರುತಿಸಿದ ಮೇಲೆ ಅದೇ ವಸ್ತುವಿಗೆ ‘ಎಂ.ಒ. 1’, ‘ಎಂ.ಒ. 2’ (ಮೆಟೀರಿಯಲ್ ಆಬ್ಜೆಕ್ಟ್) ಎಂಬ ಸಂಖ್ಯೆ ಬೀಳುತ್ತದೆ.

ಎಲ್ಲ ವಸ್ತುಗಳನ್ನೂ ಒಂದೇ ರೀತಿ ಇಡಲಾಗದು. ರಕ್ತದಿಂದ ಒದ್ದೆಯಾದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಕಟ್ಟಿ ಬೂಸಲು ಬರುತ್ತದೆ. ವಿಷಪ್ರಾಶನ ಶಂಕೆಯ ಸಾವಿನಲ್ಲಿ ಒಳ ಅಂಗಗಳನ್ನು ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡುವುದು ವಾಡಿಕೆ. ಚಿನ್ನ ಮತ್ತು ನಗದು ಖಜಾನೆಗೆ ಇಲ್ಲವೆ ಬ್ಯಾಂಕಿನ ಲಾಕರಿಗೆ ಹೋಗುತ್ತವೆ. ವಾಹನಗಳು ಠಾಣೆಯ ಬಯಲಿನಲ್ಲಿ ನಿಲ್ಲುತ್ತವೆ.

ಪರೀಕ್ಷೆ ಬೇಕಾದ ವಸ್ತು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದು ಯಾರ ಕೈಯಲ್ಲಿ ಹೊರಟಿತು, ಎಂದು ತಲುಪಿತು, ಮೊಹರು ಹಾಗೆಯೇ ಇತ್ತೆ ಎಂಬುದಕ್ಕೆ ಪ್ರತಿ ಹಂತದಲ್ಲೂ ಬರಹವಿರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಅದರ ಲಾಭ ಆರೋಪಿಗೆ ಸಿಗಬಹುದು.

ನಷ್ಟ ಮತ್ತು ಹೊಣೆ

ಕಾವಲಿನಲ್ಲಿದ್ದ ವಸ್ತುವೇ ಕಾಣೆಯಾದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ನಾಟಕದ ಪ್ರಕರಣವೊಂದರಲ್ಲಿ. ಕಳವಾಗಿ ಮರಳಿ ಸಿಕ್ಕಿದ್ದ ಒಡವೆಗಳು ಪೊಲೀಸ್ ವಶದಲ್ಲಿದ್ದಾಗಲೇ ಮತ್ತೆ ಇಲ್ಲವಾಗಿದ್ದವು. ಮೈಸೂರು ರಾಜ್ಯ ಎದುರುವಾದಿಯಾಗಿದ್ದ ಈ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಒಡವೆಗಳ ಬೆಲೆಯನ್ನು ಸರ್ಕಾರವೇ ಒಡತಿಗೆ ತುಂಬಿಕೊಡಬೇಕೆಂದು ಆದೇಶಿಸಿತು. ತಕ್ಕ ಎಚ್ಚರ ವಹಿಸಿದ್ದಾಗಿ ಸರ್ಕಾರ ತೋರಿಸದಿದ್ದರೆ ಹೊಣೆ ತಪ್ಪದು, ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚಾಗಿ ಸ್ವತ್ತನ್ನು ಹಿಡಿದಿಡುವುದು ಕಾನೂನಿನ ಉದ್ದೇಶವಲ್ಲ ಎಂಬುದು ಆ ತೀರ್ಪಿನ ಸಾರ.

ನ್ಯಾಯಾಲಯದ ಕೋಣೆಯೂ ಅಪಾಯದಿಂದ ಹೊರತಲ್ಲ. 1990ರಲ್ಲಿ ತಿರುವನಂತಪುರದಲ್ಲಿ ಮಾದಕವಸ್ತುವಿನೊಡನೆ ಸಿಕ್ಕಿಬಿದ್ದ ವಿದೇಶಿಯೊಬ್ಬನಿಗೆ, ನ್ಯಾಯಾಲಯದ ವಶದಲ್ಲಿದ್ದ ಮುದ್ದೆಮಾಲಾದ ಒಳಉಡುಪು ಅವನ ಮೈಗೇ ಹಿಡಿಸದ್ದರಿಂದ ಹೈಕೋರ್ಟಿನಲ್ಲಿ ಖುಲಾಸೆಯಾಯಿತು. ಸಾಕ್ಷ್ಯ ತಿರುಚಿದ ಆರೋಪದ ಮೊಕದ್ದಮೆ ಆಮೇಲೆ ದಶಕಗಳ ಕಾಲ ನಡೆಯಿತು. 2022ರಲ್ಲಿ ಉತ್ತರ ಪ್ರದೇಶದ ಮಥುರಾದ ಪೊಲೀಸರು 500 ಕಿಲೊಗೂ ಹೆಚ್ಚು ಗಾಂಜಾ ಇಲಿಗಳ ಪಾಲಾಯಿತೆಂದು ನ್ಯಾಯಾಲಯಕ್ಕೆ ತಿಳಿಸಿದ್ದು ದೇಶದ ಗಮನ ಸೆಳೆಯಿತು.

1973ರ ಸಂಹಿತೆ ಮತ್ತು ತೀರ್ಪುಗಳು

1973ರ ದಂಡ ಪ್ರಕ್ರಿಯಾ ಸಂಹಿತೆಯ 102ನೆಯ ಕಲಮು ಜಪ್ತಿಯ ಅಧಿಕಾರ ಕೊಟ್ಟಿತು. ನ್ಯಾಯಾಲಯಕ್ಕೆ ಸಾಗಿಸಲಾಗದ ವಸ್ತುವನ್ನು ಮುಚ್ಚಳಿಕೆ ಬರೆಸಿಕೊಂಡು ಬೇರೆಯವರ ವಶಕ್ಕೆ ಕೊಡುವ ಅವಕಾಶ 1978ರ ತಿದ್ದುಪಡಿಯಿಂದ ಸೇರಿತು. 451ನೆಯ ಕಲಮು ವಿಚಾರಣೆ ನಡೆದಿರುವಾಗಿನ ಮಧ್ಯಂತರ ಸುಪರ್ದಿಗೆ (ತಾತ್ಕಾಲಿಕ ವಶಕ್ಕೆ), 452 ಅಂತಿಮ ವಿಲೇವಾರಿಗೆ, 457 ನ್ಯಾಯಾಲಯದ ಮುಂದೆ ಇನ್ನೂ ಹಾಜರುಪಡಿಸದ ಸ್ವತ್ತಿಗೆ ಸಂಬಂಧಿಸಿದ್ದವು. ಆದರೂ ಮೊಕದ್ದಮೆ ತೀರುವವರೆಗೆ ವಸ್ತು ಬಿಡಬಾರದೆಂಬ ರೂಢಿ ಸಡಿಲವಾಗಲಿಲ್ಲ. ಠಾಣೆಗಳ ಮುಂದೆ ವಾಹನಗಳು ತುಕ್ಕು ಹಿಡಿದು ಮಣ್ಣುಪಾಲಾದವು.

2002ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ದಾರಿ ತೋರಿಸಿತು. ವಸ್ತುಗಳು 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿರಬಾರದು. ಒಡವೆಯ ವಿವರವಾದ ಪಂಚನಾಮೆ ಬರೆದು, ಫೋಟೊ ತೆಗೆದು, ಮುಚ್ಚಳಿಕೆ ಪಡೆದು ಒಡೆಯನಿಗೆ ಕೊಡಬೇಕು. ವಾಹನವನ್ನೂ ಹಾಗೆಯೇ ಬಿಡಬೇಕು, ಯಾರೂ ಕೇಳದಿದ್ದರೆ ಹರಾಜು ಹಾಕಬಹುದು ಎಂದಿತು. ವಸ್ತುವಿನ ಬದಲು ಫೋಟೊ ಮತ್ತು ಪಂಚನಾಮೆ ಸಾಕ್ಷ್ಯವಾಗಿ ನಿಲ್ಲಬಲ್ಲವು ಎಂಬ ನಿಲುವೇ ಇದರಲ್ಲಿನ ದೊಡ್ಡ ಬದಲಾವಣೆ. 2010ರಲ್ಲಿ ವಿಮಾ ಕಂಪನಿಗಳ ಸಂಘಟನೆಯ ಅರ್ಜಿಯ ಮೇಲೆ ವಾಹನಗಳ ಬಗ್ಗೆ ಇದೇ ಸೂಚನೆ ಮತ್ತೆ ಹೊರಬಿತ್ತು.

ಮಾದಕವಸ್ತುಗಳಿಗೆ 1985ರ ಮಾದಕದ್ರವ್ಯ ಮತ್ತು ಮನೋಪರಿಣಾಮಿ ವಸ್ತುಗಳ (ಎನ್‌ಡಿಪಿಎಸ್) ಕಾಯಿದೆಯಡಿ ಬೇರೆ ಕ್ರಮವಿದೆ. 1989ರಲ್ಲಿ ಸೇರಿದ 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಎದುರು ಪಟ್ಟಿ ಮಾಡಿ, ಫೋಟೊ ಮತ್ತು ಮಾದರಿ ತೆಗೆದು, ಉಳಿದದ್ದನ್ನು ವಿಚಾರಣೆಗೆ ಮೊದಲೇ ನಾಶಪಡಿಸಬಹುದು. ಇದು ಸರಿಯಾಗಿ ಜಾರಿಯಾಗದ್ದನ್ನು ಕಂಡ ಸುಪ್ರೀಂ ಕೋರ್ಟು 2016ರಲ್ಲಿ ಭದ್ರ ಉಗ್ರಾಣಗಳನ್ನು ಕಟ್ಟುವಂತೆ ಸರ್ಕಾರಗಳಿಗೆ ನಿರ್ದೇಶಿಸಿತು. 2022ರಲ್ಲಿ ಜಪ್ತಿ, ಸಂಗ್ರಹ, ಮಾದರಿ ಮತ್ತು ವಿಲೇವಾರಿಗೆ ಹೊಸ ನಿಯಮಗಳು ಬಂದವು.

ಹೊಸ ಸಂಹಿತೆ

1973ರ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ತೀರ್ಪುಗಳ ಸೂಚನೆಯನ್ನು ಶಾಸನಕ್ಕೆ ತಂದಿತು. 105ನೆಯ ಕಲಮಿನಂತೆ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕು. 497ನೆಯ ಕಲಮಿನಂತೆ ಸ್ವತ್ತು ಹಾಜರಾದ 14 ದಿನಗಳೊಳಗೆ ನ್ಯಾಯಾಲಯ ಅದರ ವಿವರಪಟ್ಟಿ ಸಿದ್ಧಪಡಿಸಿ ಫೋಟೊ ಇಲ್ಲವೆ ವಿಡಿಯೊ ಮಾಡಿಸಬೇಕು. ಆಮೇಲಿನ 30 ದಿನಗಳೊಳಗೆ ವಿಲೇವಾರಿಗೆ ಆದೇಶಿಸಬೇಕು. ಡಿಜಿಟಲ್ ಸಾಕ್ಷ್ಯಕ್ಕೆ ಅರಗಿನ ಮೊಹರಿನ ಕೆಲಸವನ್ನು ‘ಹ್ಯಾಶ್’ ಸಂಖ್ಯೆ ಮಾಡುತ್ತದೆ. ಕಡತದಲ್ಲಿ ಒಂದಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ.

ಮರಳಿ ಕೊಡುವಿಕೆ

ಸ್ವತ್ತು ಬೇಕಾದವರು ರಸೀದಿ, ನೋಂದಣಿ ಪತ್ರ ಮುಂತಾದ ಆಧಾರದೊಡನೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಮಧ್ಯಂತರವಾಗಿ ಪಡೆದವರು ಕರೆದಾಗ ಹಾಜರುಪಡಿಸುವುದಾಗಿಯೂ ಮಾರುವುದಿಲ್ಲವೆಂದೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಅಂತಿಮ ಆದೇಶವನ್ನು ಸಾಮಾನ್ಯವಾಗಿ ಎರಡು ತಿಂಗಳು, ಮೇಲ್ಮನವಿ ಇದ್ದರೆ ಅದು ತೀರುವವರೆಗೆ, ಜಾರಿ ಮಾಡುವಂತಿಲ್ಲ. ಜಾನುವಾರು ಮತ್ತು ಬೇಗ ಕೆಡುವ ಪದಾರ್ಥಗಳಿಗೆ ಇದರಿಂದ ವಿನಾಯಿತಿ ಇದೆ. ಬೆಂಗಳೂರು ಪೊಲೀಸರು ನ್ಯಾಯಾಲಯದ ಅನುಮತಿ ಪಡೆದ ಸ್ವತ್ತುಗಳನ್ನು ‘ಪ್ರಾಪರ್ಟಿ ಪರೇಡ್’ ನಡೆಸಿ ವಾರಸುದಾರರಿಗೆ ಒಪ್ಪಿಸುವ ರೂಢಿ ಇಟ್ಟುಕೊಂಡಿದ್ದಾರೆ.

ದೊಡ್ಡ ಮೊಕದ್ದಮೆಗಳಲ್ಲಿ ಈ ಕೊನೆಯ ಹಂತ ಬಹಳ ತಡವಾಗುವುದುಂಟು. ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಜೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ಒಡವೆ ಮತ್ತಿತರ ವಸ್ತುಗಳನ್ನು 1996ರಲ್ಲಿ ಜಪ್ತಿ ಮಾಡಲಾಗಿತ್ತು. 2003ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಯನ್ನು ಬೆಂಗಳೂರಿಗೆ ವರ್ಗಾಯಿಸಿದ್ದರಿಂದ ಅವು ಕರ್ನಾಟಕದ ಕಾವಲಿಗೆ ಬಂದವು. ಸುಮಾರು 27 ಕಿಲೊ ಚಿನ್ನಾಭರಣ ಸೇರಿದ್ದ ಆ ಮುದ್ದೆಮಾಲನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯ ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಿದ್ದು 2025ರ ಫೆಬ್ರವರಿಯಲ್ಲಿ, ಜಪ್ತಿಯಾಗಿ 28 ವರ್ಷಗಳಾದ ಮೇಲೆ.